ಎನ್‌ಎಫ್‌ಎಸ್ ಮೌಂಟ್‌ಗೆ ದೊಡ್ಡ ಫೈಲ್ ಬರೆಯುವಾಗ ‘ಸರ್ವರ್ ನಾಟ್ ರೆಸ್ಪಾಂಡಿಂಗ್’: ಟೈಮಿಯೋ ಹೆಚ್ಚಿಸಿದರೆ ಸಾಕೇ?

ಗಣಕಮಿತ್ರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. 12 ಕಂಪ್ಯೂಟ್ ನೋಡ್‌ಗಳು (ಲೆಕ್ಕ ಮಾಡುವ ಯಂತ್ರಗಳು), ಒಂದು ಲಿನಕ್ಸ್ ಎನ್‌ಎಫ್‌ಎಸ್ ಸರ್ವರ್ (ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ಯಂತ್ರ). ಸಿಮ್ಯುಲೇಶನ್ ಗಂಟೆಗೊಮ್ಮೆ ಚೆಕ್‌ಪಾಯಿಂಟ್ (ನಡುವೆ ನಿಂತರೆ ಮತ್ತೆ ಅಲ್ಲಿಂದಲೇ ಮುಂದುವರಿಸಲು ಆಗಿನ ಸ್ಥಿತಿಯ ಪ್ರತಿ) ಬರೆಯುತ್ತೆ. ನೋಡ್‌ಗೆ 30 ಜಿಬಿಯ ಒಂದು ಫೈಲ್, ಹನ್ನೆರಡೂ ನೋಡ್ ಒಂದೇ ಹೊತ್ತಿಗೆ.

ನೋಡ್‌ಗಳಲ್ಲಿ ತಲಾ 192 ಜಿಬಿ ರ‍್ಯಾಮ್, 10 ಗಿಗಾಬಿಟ್ ಕಾರ್ಡ್. ಸರ್ವರ್‌ನಲ್ಲಿ 128 ಜಿಬಿ ರ‍್ಯಾಮ್, ಎರಡು 10 ಗಿಗಾಬಿಟ್ ಪೋರ್ಟ್ ಬಾಂಡ್ ಮಾಡಿದೆ, ಹಾರ್ಡ್‌ವೇರ್ ರೇಡ್ ಕಾರ್ಡ್‌ನ ಕೆಳಗೆ 7200 ಆರ್‌ಪಿಎಮ್‌ನ 12 ಡಿಸ್ಕ್, ರೇಡ್ 6 (ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಜೋಡಣೆ), ಮೇಲೆ ಎಕ್ಸ್‌ಎಫ್‌ಎಸ್ ಫೈಲ್‌ಸಿಸ್ಟಮ್. ಮೌಂಟ್ ಆವೃತ್ತಿ 4.2, ಟಿಸಿಪಿ, ಡಬ್ಲ್ಯೂಸೈಜ್ (ಒಂದು ಸಲಕ್ಕೆ ಕಳಿಸುವ ತುಂಡಿನ ಬೈಟ್) 1048576. ಹತ್ತು ನೋಡ್‌ಗಳಲ್ಲಿ ಹಾರ್ಡ್ (ಉತ್ತರ ಬರುವ ತನಕ ಬಿಡದೆ ಕಾಯುವುದು), ಟೈಮಿಯೋ=600 (ಉತ್ತರಕ್ಕೆ ಕಾಯುವ ಅವಧಿ), ರೀಟ್ರಾನ್ಸ್=2 (ಮತ್ತೆ ಯತ್ನಿಸುವ ಸಲ). ಉಳಿದ ಎರಡರಲ್ಲಿ ಸಾಫ್ಟ್ (ಅವಧಿ ಮೀರಿದರೆ ಎರರ್ ಕೊಟ್ಟು ಬಿಟ್ಟುಬಿಡುವುದು), ಟೈಮಿಯೋ=50, ರೀಟ್ರಾನ್ಸ್=2.

ಆಗುತ್ತಿರುವುದು ಇಷ್ಟು. ಪ್ರೋಗ್ರಾಂ ಮೊದಲ ಒಂದು ನಿಮಿಷದಲ್ಲೇ ಪೂರ್ತಿ ಬರೆದು ಮುಗಿಸಿದಂತೆ ತೋರಿಸುತ್ತೆ, ಆಮೇಲೆ ಎಫ್‌ಸಿಂಕ್‌ನಲ್ಲಿ (ಡೇಟಾ ನಿಜಕ್ಕೂ ಡಿಸ್ಕ್ ಸೇರುವ ತನಕ ಕಾಯುವ ಕಾಲ್) ನಿಂತುಬಿಡುತ್ತೆ. ಕೆಲವು ನಿಮಿಷದ ಮೇಲೆ ಡಿಮೆಸೇಜ್‌ನಲ್ಲಿ (ಕರ್ನಲ್ ಲಾಗ್) ‘ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’, ಸ್ವಲ್ಪ ಹೊತ್ತಾದ ಮೇಲೆ ‘ಸರ್ವರ್ ಓಕೆ’. ಆ ಹೊತ್ತಿನಲ್ಲಿ ಯಾವ ನೋಡ್‌ನಲ್ಲಿ ಎಲ್‌ಎಸ್ (ಫೈಲ್ ಪಟ್ಟಿ ತೋರಿಸುವ ಕಮ್ಯಾಂಡ್) ಕೊಟ್ಟರೂ ಅಲ್ಲಾಡಲ್ಲ. ಸಾಫ್ಟ್ ಇರುವ ಎರಡು ನೋಡ್‌ಗಳಲ್ಲಿ ‘ಇನ್‌ಪುಟ್/ಔಟ್‌ಪುಟ್ ಎರರ್’ ಬರುತ್ತೆ. ಆ ಫೈಲ್‌ಗಳ ಸೈಜ್ ಸರಿಯಾಗಿಯೇ ಇದೆ, ಆದರೆ ಒಳಗೆ ಅಲ್ಲಲ್ಲಿ ಬರೀ ಸೊನ್ನೆ.

ಇದೇ ಸೆಟಪ್ ಮೊದಲು ಸರಾಗವಾಗಿ ಓಡುತ್ತಿತ್ತು. ಕರ್ನಲ್, ಮೌಂಟ್ ಆಪ್ಶನ್, ಸ್ವಿಚ್ ಯಾವುದನ್ನೂ ಮುಟ್ಟಿಲ್ಲ. ಟೈಮಿಯೋವನ್ನು 3000ಕ್ಕೆ ಏರಿಸುವುದು, ಎಕ್ಸ್‌ಪೋರ್ಟ್‌ನಲ್ಲಿ (ಸರ್ವರ್‌ನ ಹಂಚಿಕೆ ಸೆಟ್ಟಿಂಗ್) ಎಸಿಂಕ್ ಹಾಕುವುದು, ಎನ್‌ಎಫ್‌ಎಸ್‌ಡಿ ಥ್ರೆಡ್ (ಸರ್ವರ್‌ನಲ್ಲಿ ಕೋರಿಕೆಗಳನ್ನು ನೋಡುವ ಕೆಲಸಗಾರರು) 8ರಿಂದ ಹೆಚ್ಚಿಸುವುದು: ಈ ಮೂರರಲ್ಲಿ ಯಾವುದು ಸರಿ?

---

ತುಂಗಾತೀರ ಉತ್ತರ:

ಟೈಮಿಯೋ ಮುಟ್ಟಬೇಡಿ. ಅದರ ಲೆಕ್ಕ ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ, ಅಂದರೆ 600 ಎಂದರೆ 60 ಸೆಕೆಂಡ್. ಟಿಸಿಪಿಯಲ್ಲಿ ಪ್ರತಿ ಸಲ ಕಾಯುವ ಅವಧಿ ಅಷ್ಟಷ್ಟೇ ಬೆಳೆಯುತ್ತೆ: ಮೊದಲು 60 ಸೆಕೆಂಡ್, ಆಮೇಲೆ 120. ಹೀಗೆ ಸುಮಾರು 180 ಸೆಕೆಂಡ್ ಒಂದು ಆರ್‌ಪಿಸಿಗೆ (ಕ್ಲೈಂಟ್ ಸರ್ವರ್‌ಗೆ ಕಳಿಸುವ ಕೋರಿಕೆ) ಉತ್ತರ ಬರದಿದ್ದರೆ ಮಾತ್ರ ಆ ‘ನಾಟ್ ರೆಸ್ಪಾಂಡಿಂಗ್’ ಸಾಲು ಬೀಳುತ್ತೆ. ಅಂದರೆ ನಿಮ್ಮ ಸರ್ವರ್ ಯಾವುದೋ ಒಂದು ಕೋರಿಕೆಯನ್ನು ಮೂರು ನಿಮಿಷ ಹಿಡಿದಿಟ್ಟುಕೊಂಡಿದೆ, ಇಲ್ಲವೇ ಆ ಕೋರಿಕೆ ದಾರಿಯಲ್ಲೇ ಕಳೆದುಹೋಗಿದೆ. ಟೈಮಿಯೋ 3000 ಮಾಡಿದರೆ ಮೆಸೇಜ್ ತಡವಾಗಿ ಬರುತ್ತೆ, ಬರವಣಿಗೆ ಒಂದು ಸೆಕೆಂಡೂ ಬೇಗ ಮುಗಿಯಲ್ಲ.

ತುರ್ತಾಗಿ ಮಾಡಬೇಕಾದ್ದು ಆ ಎರಡು ಸಾಫ್ಟ್ ಮೌಂಟ್‌ಗಳನ್ನು ಇವತ್ತೇ ತೆಗೆಯುವುದು. ಟೈಮಿಯೋ=50 ಲೆಕ್ಕದಲ್ಲಿ ಸುಮಾರು 15 ಸೆಕೆಂಡ್‌ಗೇ ಕ್ಲೈಂಟ್ ಕೈಚೆಲ್ಲುತ್ತೆ, ಆ 1 ಎಂಬಿ ತುಂಡು ಸರ್ವರ್ ತಲುಪಲಿಲ್ಲ ಅಂತ ಬಿಟ್ಟುಬಿಡುತ್ತೆ. ಮುಂದಿನ ತುಂಡುಗಳು ತಲುಪುತ್ತವೆ, ಫೈಲ್ ಸೈಜ್ ಬೆಳೆಯುತ್ತೆ, ನಡುವೆ ಸೊನ್ನೆ ಉಳಿಯುತ್ತೆ. ನೀವು ನೋಡುತ್ತಿರುವುದು ಅದನ್ನೇ. ಇನ್ನೂ ಕೆಟ್ಟ ಸಂಗತಿ ಏನೆಂದರೆ, ರೈಟ್ ಸಿಸ್ಟಮ್ ಕಾಲ್ ರ‍್ಯಾಮ್‌ನಲ್ಲಿರುವ ಪೇಜ್ ಕ್ಯಾಶ್‌ಗೆ ಹಾಕಿ ಆಗಲೇ ‘ಆಯ್ತು’ ಎಂದು ಹೇಳಿರುತ್ತೆ. ಎರರ್ ಬರುವುದು ಆಮೇಲೆ, ಎಫ್‌ಸಿಂಕ್ ಅಥವಾ ಕ್ಲೋಸ್ ಮಾಡುವಾಗ. ಆ ಎರಡರ ರಿಟರ್ನ್ ವ್ಯಾಲ್ಯೂ ನೋಡದ ಪ್ರೋಗ್ರಾಂಗೆ ಡೇಟಾ ಹೋಗಿದ್ದೇ ತಿಳಿಯಲ್ಲ. ಬರೆಯುವ ಮೌಂಟ್‌ಗೆ ಹಾರ್ಡ್ ಬಿಟ್ಟು ಬೇರೆ ಆಯ್ಕೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾರ್ಡ್ ಆದರೆ ಪ್ರೋಸೆಸ್ ಸಿಕ್ಕಿಹಾಕಿಕೊಳ್ಳುತ್ತೆ ಎಂಬ ಭಯಕ್ಕೆ ಸಾಫ್ಟ್ ಹಾಕುವವರಿದ್ದಾರೆ. ಕರ್ನಲ್ 2.6.25ರಿಂದ ಈಚೆಗೆ ಹಾಗೆ ನಿಂತ ಪ್ರೋಸೆಸ್ಸನ್ನು ಸಿಗ್‌ಕಿಲ್ ಕೊಟ್ಟು ಕೊಲ್ಲಬಹುದು, ‘ಇಂಟರ್’ ಆಪ್ಶನ್ ಬೇಕಿಲ್ಲ.

ಇನ್ನು ಮೂಲ ಕಾರಣ. ಊಹೆ ಮಾಡುವ ಬದಲು ಅಳೆಯಿರಿ. ಒಂದು ನೋಡ್‌ನಲ್ಲಿ ಚೆಕ್‌ಪಾಯಿಂಟ್‌ಗೆ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ /ಪ್ರಾಕ್/ಸೆಲ್ಫ್/ಮೌಂಟ್‌ಸ್ಟ್ಯಾಟ್ಸ್ ಫೈಲನ್ನು ನಕಲು ಮಾಡಿಟ್ಟುಕೊಳ್ಳಿ. ‘ರೈಟ್’ ಮತ್ತು ‘ಕಮಿಟ್’ (ಬರೆದದ್ದನ್ನು ಡಿಸ್ಕ್‌ಗೆ ಇಳಿಸು ಎಂಬ ಕೋರಿಕೆ) ಸಾಲುಗಳನ್ನು ಹಿಡಿದು ಕಳೆಯಿರಿ. ಅಂಕಿಗಳ ಕ್ರಮ ಹೀಗೆ: ಕೋರಿಕೆಗಳ ಸಂಖ್ಯೆ, ಕಳಿಸಿದ ಸಲ, ಮೇಜರ್ ಟೈಮೌಟ್ (ಮೇಲೆ ಹೇಳಿದ 180 ಸೆಕೆಂಡ್ ಮೀರಿದ ಸಲ), ಕಳಿಸಿದ ಬೈಟ್, ಬಂದ ಬೈಟ್, ಕ್ಯೂನಲ್ಲಿ ಕಳೆದ ಸಮಯ, ಆರ್‌ಟಿಟಿ (ಕಳಿಸಿದ ಮೇಲೆ ಉತ್ತರ ಬರುವ ತನಕದ ಸಮಯ), ಒಟ್ಟು ಸಮಯ. ಕೊನೆಯ ಮೂರು ಮಿಲಿಸೆಕೆಂಡ್‌ನಲ್ಲಿ, ಎಲ್ಲ ಕೋರಿಕೆಗಳದ್ದೂ ಕೂಡಿಸಿದ ಮೊತ್ತ. ಕೋರಿಕೆಗಳ ಸಂಖ್ಯೆಯಿಂದ ಭಾಗಿಸಿದರೆ ಸರಾಸರಿ.

ಎರಡನೇ ಅಂಕಿ ಮೊದಲನೆಯದಕ್ಕಿಂತ ದೊಡ್ಡದಿದ್ದರೆ ಕನೆಕ್ಷನ್ ಕಡಿದು ಮತ್ತೆ ಕಳಿಸಿದೆ ಎಂದರ್ಥ, ನೆಟ್‌ವರ್ಕ್ ಕಡೆ ನೋಡಿ. ಎರಡೂ ಸಮ ಇದ್ದು ಆರ್‌ಟಿಟಿ ದೊಡ್ಡದಿದ್ದರೆ ಸರ್ವರ್ ಮೇಲೆ ಅನುಮಾನ. ಕ್ಯೂ ಮಾತ್ರ ದೊಡ್ಡದು, ಆರ್‌ಟಿಟಿ ಸಣ್ಣದು ಎಂದಾದರೆ ಕ್ಲೈಂಟ್ ತನ್ನಲ್ಲೇ ಗುಡ್ಡೆ ಹಾಕಿಕೊಂಡಿದೆ.

---

ತಂತಿಜಾಲ ಉತ್ತರ:

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಕೆ: ಆರ್‌ಪಿಸಿ ಮಟ್ಟದಲ್ಲಿ ಮರುರವಾನೆ ಸೊನ್ನೆ ಇದ್ದ ಮಾತ್ರಕ್ಕೆ ತಂತಿ ಶುದ್ಧ ಎನ್ನಲಾಗದು. 4ನೇ ಆವೃತ್ತಿಯಲ್ಲಿ ಕನೆಕ್ಷನ್ ಜೀವಂತ ಇರುವ ತನಕ ಕ್ಲೈಂಟ್ ಅದೇ ಕೋರಿಕೆಯನ್ನು ಮತ್ತೆ ಕಳಿಸಲ್ಲ. ಪ್ಯಾಕೆಟ್ ಬಿದ್ದುಹೋದರೆ ಅದನ್ನು ಸರಿಮಾಡುವುದು ಟಿಸಿಪಿ, ಅದು ಮೌಂಟ್‌ಸ್ಟ್ಯಾಟ್ಸ್‌ನಲ್ಲಿ ಕಾಣಲ್ಲ. ಕ್ಲೈಂಟ್‌ನಲ್ಲಿ ‘ಎಸ್‌ಎಸ್ -ಟಿಐಎನ್’ ಕೊಟ್ಟು 2049 ಪೋರ್ಟಿನ ಸಾಲು ಹುಡುಕಿ, ಅಲ್ಲಿರುವ ‘ರೀಟ್ರಾನ್ಸ್’ ಅಂಕಿ ಚೆಕ್‌ಪಾಯಿಂಟ್ ಸಮಯದಲ್ಲಿ ಏರುತ್ತಾ ನೋಡಿ. ‘ಈಥ್‌ಟೂಲ್ -ಎಸ್’ನಲ್ಲಿ ಸಿಆರ್‌ಸಿ ಎರರ್ ಮತ್ತು ಡ್ರಾಪ್, ಸ್ವಿಚ್‌ನಲ್ಲಿ ಸರ್ವರ್ ಕಡೆಯ ಪೋರ್ಟಿನ ಔಟ್‌ಪುಟ್ ಡಿಸ್ಕಾರ್ಡ್. ಹನ್ನೆರಡು 10 ಗಿಗಾಬಿಟ್ ಸೇರಿ ಎರಡು 10 ಗಿಗಾಬಿಟ್‌ಗೆ ನುಗ್ಗುತ್ತಿವೆ, ಸ್ವಿಚ್ ಬಫರ್ ಸಣ್ಣದಾಗಿದ್ದರೆ ಅಲ್ಲಿ ಡ್ರಾಪ್ ಆಗೋದು ಸಹಜ. ಸ್ವಲ್ಪ ಡ್ರಾಪ್‌ನಿಂದ ವೇಗ ಕುಗ್ಗುತ್ತೆ, ಆದರೆ ಮೂರು ನಿಮಿಷದ ಮೌನ ಬರಲ್ಲ.

ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಮಾತ್ರ ತಪ್ಪದೆ ಪರೀಕ್ಷಿಸಿ, ಯಾಕೆಂದರೆ ‘ಎಲ್‌ಎಸ್ ಓಡುತ್ತೆ, ಬರೆಯೋದು ಮಾತ್ರ ನಿಲ್ಲುತ್ತೆ’ ಎಂಬ ದೂರಿನ ಹಿಂದೆ ಬಹಳ ಸಲ ಅದೇ ಇರುತ್ತೆ. ನಿಮ್ಮಲ್ಲಿ ಎಲ್‌ಎಸ್ಸೂ ನಿಲ್ಲುವುದರಿಂದ ನನಗೆ ಅನುಮಾನ ಕಡಿಮೆ. ಎರಡೂ ತುದಿಯಲ್ಲಿ 9000 ಇದ್ದರೆ:

ಪಿಂಗ್ -ಎಮ್ ಡು -ಎಸ್ 8972 ಸರ್ವರ್

8972 ಯಾಕೆಂದರೆ 9000ದಲ್ಲಿ ಐಪಿ ಹೆಡರ್ 20, ಐಸಿಎಂಪಿ ಹೆಡರ್ 8 ಬೈಟ್ ಕಳೆಯಬೇಕು. ಎರಡೂ ದಿಕ್ಕಿನಿಂದ ಕೊಡಿ. ಒಂದು ತುದಿ 9000, ಇನ್ನೊಂದು 1500 ಆಗಿದ್ದರೆ ತೊಂದರೆ ಆಗಲ್ಲ, ಟಿಸಿಪಿ ಕನೆಕ್ಷನ್ ಶುರುವಾಗುವಾಗಲೇ ಸಣ್ಣದಕ್ಕೆ ಒಪ್ಪಿಕೊಳ್ಳುತ್ತೆ. ಎರಡೂ ತುದಿ 9000 ಅಂದುಕೊಂಡು ನಡುವಿನ ಸ್ವಿಚ್ 1500ರಲ್ಲಿ ಇದ್ದಾಗಲೇ ಆಪತ್ತು: ದೊಡ್ಡ ಫ್ರೇಮ್ ಸದ್ದಿಲ್ಲದೆ ಕಸಕ್ಕೆ ಹೋಗುತ್ತೆ, ಯಾರೂ ಎರರ್ ಕಳಿಸಲ್ಲ.

---

ಗಣಕಮಿತ್ರ:

ಇಬ್ಬರಿಗೂ ಧನ್ಯವಾದ. ಎರಡೂ ನೋಡ್ ಹಾರ್ಡ್‌ಗೆ ಬದಲಾಗಿವೆ. ಪಿಂಗ್ 8972 ಎರಡೂ ಕಡೆಯಿಂದ ಪಾಸ್. ಟಿಸಿಪಿ ರೀಟ್ರಾನ್ಸ್ ಬೆರಳೆಣಿಕೆಯಷ್ಟು, ಸಿಆರ್‌ಸಿ ಎರರ್ ಇಲ್ಲ.

ಒಂದು ನೋಡ್‌ನ ಮೌಂಟ್‌ಸ್ಟ್ಯಾಟ್ಸ್ ವ್ಯತ್ಯಾಸ: ರೈಟ್ 30720 ಕೋರಿಕೆ, ಕಳಿಸಿದ್ದೂ 30720, ಸರಾಸರಿ ಆರ್‌ಟಿಟಿ 4.6 ಸೆಕೆಂಡ್, ಕ್ಯೂ ಅದಕ್ಕಿಂತ ಬಹಳ ಹೆಚ್ಚು. ಕಮಿಟ್ 9 ಕೋರಿಕೆ, ಸರಾಸರಿ ಆರ್‌ಟಿಟಿ 97 ಸೆಕೆಂಡ್, ಮೇಜರ್ ಟೈಮೌಟ್ 2.

ಸರ್ವರ್‌ನಲ್ಲಿ ‘ಐಒಸ್ಟ್ಯಾಟ್ -ಎಕ್ಸ್ 5’: ಯುಟಿಲ್ (ಡಿಸ್ಕ್ ಕೆಲಸದಲ್ಲಿದ್ದ ಶೇಕಡ) 100, ಬರೆಯುವ ವೇಗ ಸುಮಾರು 150 ಎಂಬಿ ಪ್ರತಿ ಸೆಕೆಂಡ್, ಡಬ್ಲ್ಯೂ_ಅವೇಟ್ (ಒಂದು ಬರಹಕ್ಕೆ ಹಿಡಿಯುವ ಸರಾಸರಿ ಸಮಯ) 400 ಮಿಲಿಸೆಕೆಂಡ್‌ಗಿಂತ ಮೇಲೆ. ಒಂದು ಚೆಕ್‌ಪಾಯಿಂಟ್ ಮುಗಿಯಲು ಸುಮಾರು 40 ನಿಮಿಷ.

---

ಬ್ಲಾಕ್‌ಲೇಯರ್ ಉತ್ತರ:

ಹಾಗಾದರೆ ಇದು ಡಿಸ್ಕ್ ಕಡೆಯ ಕಥೆ, ಅದರಲ್ಲೂ ರೇಡ್ ಕಾರ್ಡ್ ಮೊದಲು ನೋಡಿ. 12 ಡಿಸ್ಕಿನ ರೇಡ್ 6 ಎಂದರೆ ಡೇಟಾಗೆ 10 ಡಿಸ್ಕ್. ಉದ್ದಕ್ಕೆ ಬರೆಯುವಾಗ 150 ಎಂಬಿ ಎಂದರೆ ಒಂದೇ ಒಂದು ಡಿಸ್ಕಿನ ವೇಗ. ‘ಮೊದಲು ಚೆನ್ನಾಗಿತ್ತು, ಏನೂ ಬದಲಾಗಿಲ್ಲ’ ಎಂಬ ಮಾತು ಸೇರಿಸಿ ನೋಡಿದರೆ, ಕಾರ್ಡ್‌ನ ಕ್ಯಾಶ್ ಬ್ಯಾಟರಿ ಸತ್ತಿರುವ ಸಾಧ್ಯತೆ ಹೆಚ್ಚು. ಬ್ಯಾಟರಿ ಕೈಕೊಟ್ಟಾಗ ಕಾರ್ಡ್ ತಾನಾಗಿಯೇ ರೈಟ್‌ಬ್ಯಾಕ್‌ನಿಂದ (ಕ್ಯಾಶ್‌ಗೆ ಬಿದ್ದ ಕೂಡಲೇ ‘ಆಯ್ತು’ ಎನ್ನುವುದು) ರೈಟ್‌ಥ್ರೂಗೆ (ಡಿಸ್ಕ್ ಸೇರಿದ ಮೇಲಷ್ಟೇ ‘ಆಯ್ತು’ ಎನ್ನುವುದು) ಇಳಿಯುತ್ತೆ. ಆಪರೇಟಿಂಗ್ ಸಿಸ್ಟಮ್‌ಗೆ ಅದು ಗೊತ್ತಾಗಲ್ಲ, ಮಾನಿಟರಿಂಗ್ ಇಲ್ಲದಿದ್ದರೆ ಯಾರಿಗೂ ಗೊತ್ತಾಗಲ್ಲ.

ವೇಗ ಅಷ್ಟೊಂದು ಬೀಳೋದು ಯಾಕೆ? ಸ್ಟ್ರಿಪ್ (ಒಂದು ಡಿಸ್ಕಿಗೆ ಬೀಳುವ ತುಂಡು) 256 ಕೆಬಿ ಎಂದಿಟ್ಟುಕೊಂಡರೆ ಹತ್ತೂ ಡಿಸ್ಕ್ ಸೇರಿದ ಪೂರ್ತಿ ಸ್ಟ್ರೈಪ್ 2.5 ಎಂಬಿ. ಕ್ಯಾಶ್ ಇದ್ದಾಗ ಕಾರ್ಡ್ ಬಂದ ತುಂಡುಗಳನ್ನು ಹಿಡಿದಿಟ್ಟು, ಸ್ಟ್ರೈಪ್ ತುಂಬಿದ ಮೇಲೆ ಪ್ಯಾರಿಟಿ (ಡಿಸ್ಕ್ ಕೆಟ್ಟರೆ ಡೇಟಾ ಮರಳಿ ಕಟ್ಟಲು ಬೇಕಾದ ಮಾಹಿತಿ) ಲೆಕ್ಕ ಹಾಕಿ ಒಂದೇ ಏಟಿಗೆ ಬರೆಯುತ್ತೆ. ಕ್ಯಾಶ್ ಇಲ್ಲದಾಗ ಪ್ರತಿ ಅರೆಬರೆ ತುಂಡಿಗೂ ಹಳೆಯ ಡೇಟಾ, ಪಿ ಮತ್ತು ಕ್ಯೂ ಎಂಬ ಎರಡು ಪ್ಯಾರಿಟಿ, ಹೀಗೆ ಮೂರನ್ನೂ ಓದಿ, ಹೊಸದಾಗಿ ಮೂರನ್ನೂ ಬರೆಯಬೇಕು. ಒಂದು ಸಣ್ಣ ಬರಹಕ್ಕೆ ಆರು ಡಿಸ್ಕ್ ಕೆಲಸ. ಹನ್ನೆರಡು ನೋಡ್‌ನ ಫೈಲ್‌ಗಳು ಬೆರೆತು ಬರುವಾಗ ಹೆಡ್‌ಗಳು ಅತ್ತಿಂದಿತ್ತ ಓಡಾಡುವುದೇ ಆಗುತ್ತೆ.

‘ಸ್ಟೋರ್‌ಸಿಎಲ್‌ಐ’ ತರಹದ ಟೂಲ್ ಇದ್ದರೆ /ಸಿ0/ವಿಆಲ್ ಶೋ ಕೊಡಿ, ಕ್ಯಾಶ್ ಕಾಲಂನಲ್ಲಿ ‘ಡಬ್ಲ್ಯೂಬಿ’ ಇದೆಯಾ ‘ಡಬ್ಲ್ಯೂಟಿ’ ಇದೆಯಾ ನೋಡಿ. ಆಮೇಲೆ ಬ್ಯಾಟರಿ ಅಥವಾ ಸೂಪರ್‌ಕೆಪಾಸಿಟರ್ ಸ್ಥಿತಿ. ಜೊತೆಗೆ ಒಂದೊಂದು ಡಿಸ್ಕಿನ ಮೀಡಿಯಾ ಎರರ್ ಎಣಿಕೆಯನ್ನೂ ನೋಡಿಬಿಡಿ. ಒಂದು ಡಿಸ್ಕ್ ಸಾಯುತ್ತಾ ಪ್ರತಿ ಸೆಕ್ಟರ್‌ಗೂ ತಾನೇ ಹೆಣಗಾಡುತ್ತಿದ್ದರೆ ಇಡೀ ಅರೇ ಅದರ ವೇಗಕ್ಕೆ ಇಳಿಯುತ್ತೆ, ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತೆ.

97 ಸೆಕೆಂಡ್‌ನ ಕಮಿಟ್ ಎಲ್ಲಿಂದ ಬಂತು ಅಂದರೆ: ಕ್ಲೈಂಟ್ ಕಳಿಸುವ ರೈಟ್‌ಗಳು ‘ಅನ್‌ಸ್ಟೇಬಲ್’, ಸರ್ವರ್ ಅವನ್ನು ತನ್ನ ರ‍್ಯಾಮ್‌ಗೆ ಹಾಕಿಕೊಂಡು ಉತ್ತರ ಕೊಡುತ್ತೆ. 128 ಜಿಬಿಯ 20 ಶೇಕಡ (ಕರ್ನಲ್‌ನ ಡರ್ಟಿ_ರೇಶಿಯೋ, ಅಂದರೆ ಡಿಸ್ಕ್‌ಗೆ ಇಳಿಯದೆ ರ‍್ಯಾಮ್‌ನಲ್ಲಿ ಉಳಿಯಬಹುದಾದ ಪಾಲು) ಎಂದರೆ 25 ಜಿಬಿ ತನಕ ಹೀಗೆ ಸಾಲ ಏರುತ್ತೆ. ಆಮೇಲೆ ಕಮಿಟ್ ಬಂದಾಗ ಆ ಫೈಲಿನ ಬಾಕಿಯೆಲ್ಲ ಡಿಸ್ಕ್‌ಗೆ ಇಳಿಯುವ ತನಕ ಉತ್ತರ ಕೊಡುವಂತಿಲ್ಲ. 25 ಜಿಬಿಯನ್ನು 150 ಎಂಬಿ ವೇಗದಲ್ಲಿ ಇಳಿಸಲು 165 ಸೆಕೆಂಡ್‌ಗೂ ಮೇಲೆ ಬೇಕು, ಅದಕ್ಕೇ ಕೆಲವು ಕಮಿಟ್‌ಗಳು 180ರ ಗಡಿ ದಾಟುತ್ತಿವೆ. ಎನ್‌ಎಫ್‌ಎಸ್‌ಡಿಯ ಎಂಟೂ ಥ್ರೆಡ್ ಇಂಥ ರೈಟ್, ಕಮಿಟ್‌ಗಳಲ್ಲೇ ಕೂತಿರುವಾಗ ಎಲ್‌ಎಸ್ ಕಳಿಸುವ ಗೆಟ್‌ಆಟರ್ (ಫೈಲ್ ವಿವರ ಕೇಳುವ ಕೋರಿಕೆ) ನೋಡಲು ಯಾರೂ ಇಲ್ಲ.

---

ಗಣಕಮಿತ್ರ:

ಊಹೆ ನಿಜ. ಕ್ಯಾಶ್ ಕಾಲಂ ಡಬ್ಲ್ಯೂಟಿ, ಬ್ಯಾಟರಿ ಸ್ಥಿತಿ ‘ಫೇಲ್ಡ್’. ಡಿಸ್ಕ್‌ಗಳಲ್ಲಿ ಮೀಡಿಯಾ ಎರರ್ ಸೊನ್ನೆ. ಹೊಸ ಬ್ಯಾಟರಿ ಬರುವ ತನಕ ಏನು ಮಾಡಲಿ? ಕಾರ್ಡ್‌ನಲ್ಲಿ ‘ಆಲ್ವೇಸ್ ರೈಟ್‌ಬ್ಯಾಕ್’ ಆಯ್ಕೆ ಕಾಣುತ್ತಿದೆ.

---

ಬ್ಲಾಕ್‌ಲೇಯರ್:

ಆಲ್ವೇಸ್ ರೈಟ್‌ಬ್ಯಾಕ್ ಬೇಡ. ಕರೆಂಟ್ ಹೋದರೆ ಕಾರ್ಡ್ ‘ಬರೆದಾಯ್ತು’ ಎಂದು ಮಾತು ಕೊಟ್ಟ ಡೇಟಾ ಹೋಗುತ್ತೆ, ಜೊತೆಗೆ ಎಕ್ಸ್‌ಎಫ್‌ಎಸ್‌ನ ಜರ್ನಲ್ಲೂ ಅದೇ ಮಾತು ನಂಬಿ ಕೂತಿರುತ್ತೆ. ಯುಪಿಎಸ್ ಇದ್ದರೂ ಪವರ್ ಸಪ್ಲೈ ಕೆಡುವುದನ್ನು ತಡೆಯಲಾರದು. ಎಕ್ಸ್‌ಪೋರ್ಟ್‌ನ ಎಸಿಂಕ್ ಕೂಡ ಇದೇ ಜಾತಿಯದು, ಅಲ್ಲಿ ಸರ್ವರ್ರೇ ಕಮಿಟ್‌ಗೆ ಸುಳ್ಳು ಉತ್ತರ ಕೊಡುತ್ತೆ. ಕ್ಲೈಂಟ್ ಅದನ್ನು ನಂಬಿ ತನ್ನ ಪ್ರತಿಯನ್ನು ಬಿಟ್ಟುಬಿಟ್ಟಿರುತ್ತೆ. ಸರ್ವರ್ ಕ್ರ್ಯಾಶ್ ಆದರೆ ಡೇಟಾ ಎರಡೂ ಕಡೆ ಇಲ್ಲ, ಎರರ್ ಕೂಡ ಇಲ್ಲ. ಚೆಕ್‌ಪಾಯಿಂಟ್ ಇಡುವುದೇ ಅಂಥ ಹೊತ್ತಿಗೆ ಬೇಕಾಗಲಿ ಎಂದು ತಾನೇ?

ಬ್ಯಾಟರಿ ಬರುವ ತನಕ ಸರ್ವರ್‌ನಲ್ಲಿ ಇಷ್ಟು ಮಾಡಿ:

ವಿಎಮ್.ಡರ್ಟಿ_ಬ್ಯಾಕ್‌ಗ್ರೌಂಡ್_ಬೈಟ್ಸ್ = 268435456
ವಿಎಮ್.ಡರ್ಟಿ_ಬೈಟ್ಸ್ = 2147483648

ಅಂದರೆ 256 ಎಂಬಿ ಸೇರುತ್ತಿದ್ದಂತೆ ಡಿಸ್ಕ್‌ಗೆ ಇಳಿಸಲು ಶುರು, 2 ಜಿಬಿ ಮೀರಿದರೆ ಬರೆಯುವವರಿಗೆ ತಡೆ. ಬೈಟ್ಸ್ ಕೊಟ್ಟ ಕೂಡಲೇ ರೇಶಿಯೋ ತಾನಾಗಿ ಸೊನ್ನೆ ಆಗುತ್ತೆ, ಗಾಬರಿ ಬೇಡ. ಒಟ್ಟು ಸಮಯ ಇದರಿಂದ ಕಡಿಮೆಯಾಗಲ್ಲ, ಆದರೆ ಯಾವ ಕಮಿಟ್‌ನ ಹಿಂದೆಯೂ 2 ಜಿಬಿಗಿಂತ ಹೆಚ್ಚು ಬಾಕಿ ಇರಲ್ಲ. 150 ಎಂಬಿ ವೇಗಕ್ಕೆ 14 ಸೆಕೆಂಡ್ ಆಸುಪಾಸು.

ಥ್ರೆಡ್ 64ಕ್ಕೆ ಏರಿಸಿ. ‘ಆರ್‌ಪಿಸಿ.ಎನ್‌ಎಫ್‌ಎಸ್‌ಡಿ 64’ ಕೊಟ್ಟರೆ ಓಡುತ್ತಿರುವಾಗಲೇ ಆಗುತ್ತೆ, ಶಾಶ್ವತಕ್ಕೆ ಎನ್‌ಎಫ್‌ಎಸ್.ಕಾನ್ಫ್‌ನಲ್ಲಿ ಬರೆಯಿರಿ. ಸರ್ವಿಸ್ ರೀಸ್ಟಾರ್ಟ್ ಮಾಡಬೇಡಿ: 4ನೇ ಆವೃತ್ತಿಯಲ್ಲಿ ರೀಸ್ಟಾರ್ಟ್ ಆದ ಮೇಲೆ ಗ್ರೇಸ್ ಅವಧಿ ಸಾಮಾನ್ಯವಾಗಿ 90 ಸೆಕೆಂಡ್, ಅಷ್ಟು ಹೊತ್ತು ಹೊಸದಾಗಿ ಫೈಲ್ ತೆರೆಯುವವರು ಕಾಯಬೇಕು. ಥ್ರೆಡ್ ಹೆಚ್ಚಿಸಿದರೆ ಎಲ್‌ಎಸ್ ಉಸಿರಾಡುತ್ತೆ, ಡಿಸ್ಕ್ ವೇಗ ಹೆಚ್ಚಾಗಲ್ಲ.

---

ತುಂಗಾತೀರ:

ಕ್ಲೈಂಟ್ ಕಡೆಯೂ ಅದೇ ಕಾಯಿಲೆ ಇದೆ. 192 ಜಿಬಿಯಲ್ಲಿ 20 ಶೇಕಡ ಎಂದರೆ ಹೆಚ್ಚುಕಡಿಮೆ 38 ಜಿಬಿ, ನಿಮ್ಮ 30 ಜಿಬಿ ಫೈಲ್ ಪೂರ್ತಿ ಅದರೊಳಗೆ ಕೂರುತ್ತೆ. ಪ್ರೋಗ್ರಾಂ ಒಂದು ನಿಮಿಷದಲ್ಲಿ ಮುಗಿಸಿದಂತೆ ಕಂಡು ಎಫ್‌ಸಿಂಕ್‌ನಲ್ಲಿ ನಿಲ್ಲೋದು ಇದಕ್ಕೇ. ನೋಡ್‌ಗಳಲ್ಲಿ ಡರ್ಟಿ_ಬೈಟ್ಸ್ 4 ಜಿಬಿ, ಬ್ಯಾಕ್‌ಗ್ರೌಂಡ್ 512 ಎಂಬಿ ಇಡಿ. ಲೋಕಲ್ ಎಸ್‌ಎಸ್‌ಡಿಗೆ ಬರೆಯುವ ಕೆಲಸಗಳಿಗೆ ಇದು ಅಡ್ಡಿಯಾದರೆ ಎನ್‌ಎಫ್‌ಎಸ್ ಮೌಂಟ್‌ಗೆ ಮಾತ್ರ ಕಡಿವಾಣ ಹಾಕಬಹುದು: ‘ಮೌಂಟ್‌ಪಾಯಿಂಟ್ -ಡಿ’ ಕೊಟ್ಟರೆ 0:52 ತರಹದ ಸಂಖ್ಯೆ ಬರುತ್ತೆ, /ಸಿಸ್/ಕ್ಲಾಸ್/ಬಿಡಿಐ ಕೆಳಗೆ ಅದೇ ಹೆಸರಿನ ಫೋಲ್ಡರ್‌ನಲ್ಲಿ ಮ್ಯಾಕ್ಸ್_ರೇಶಿಯೋ 100 ಇರುತ್ತೆ, ಅದನ್ನು 10 ಮಾಡಿ. ರೀಮೌಂಟ್ ಅಲ್ಲ, ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿದರೆ ಸಂಖ್ಯೆ ಬದಲಾಗಬಹುದು, ಸ್ಕ್ರಿಪ್ಟ್‌ನಲ್ಲಿ ಪ್ರತಿ ಸಲ ಕೇಳಿಕೊಳ್ಳಿ.

ಚೆಕ್‌ಪಾಯಿಂಟ್ ಸಮಯವನ್ನು ನೋಡ್‌ನಿಂದ ನೋಡ್‌ಗೆ ಸರಿಸಲು ಆಗುವುದಾದರೆ ಮೂರು ಮೂರು ನೋಡ್‌ನಂತೆ ಬಿಡಿ. ಹನ್ನೆರಡು ಫೈಲ್ ಬೆರೆಯುವ ಬದಲು ಮೂರೇ ಬೆರೆಯುತ್ತವೆ, ರೈಟ್‌ಥ್ರೂ ಇರುವಾಗ ಅದರ ಪ್ರಯೋಜನ ಚೆನ್ನಾಗಿ ಕಾಣುತ್ತೆ.

ಬರೆಯುವ ಕೋಡ್ ಕೈಯಲ್ಲಿದ್ದರೆ ತಾತ್ಕಾಲಿಕ ಹೆಸರಿಗೆ ಬರೆದು, ಎಫ್‌ಸಿಂಕ್ ಮಾಡಿ, ಅದರ ಉತ್ತರ ಸೊನ್ನೆ ಎಂದು ನೋಡಿ, ಕ್ಲೋಸ್‌ನದ್ದೂ ನೋಡಿ, ಆಮೇಲೆ ರೀನೇಮ್. ಹಳೆಯ ಚೆಕ್‌ಪಾಯಿಂಟ್ ಅಳಿಸುವುದು ಅದಾದ ಮೇಲೆಯೇ.

---

ಗಣಕಮಿತ್ರ:

ಸರ್ವರ್, ನೋಡ್ ಎರಡರಲ್ಲೂ ಡರ್ಟಿ ಬೈಟ್ಸ್ ಇಳಿಸಿ ಥ್ರೆಡ್ 64 ಮಾಡಿದ ಕೂಡಲೇ ‘ನಾಟ್ ರೆಸ್ಪಾಂಡಿಂಗ್’ ನಿಂತಿತು, ಎಲ್‌ಎಸ್ ಒಂದೆರಡು ಸೆಕೆಂಡ್‌ನಲ್ಲಿ ಬರುತ್ತೆ. ಆಗಲೂ ಚೆಕ್‌ಪಾಯಿಂಟ್ 40 ನಿಮಿಷವೇ. ಬ್ಯಾಟರಿ ಹಾಕಿ, ಚಾರ್ಜ್ ಆಗಿ, ಕಾಲಂ ಡಬ್ಲ್ಯೂಬಿಗೆ ಬಂದ ಮೇಲೆ ಡಿಸ್ಕ್ 800 ಎಂಬಿ ಆಸುಪಾಸಿನಲ್ಲಿ ಬರೆಯುತ್ತಿದೆ, ಇಡೀ ಚೆಕ್‌ಪಾಯಿಂಟ್ ಸುಮಾರು ಎಂಟು ನಿಮಿಷ. ಕಮಿಟ್ ಸರಾಸರಿ 2 ಸೆಕೆಂಡ್‌ಗಿಂತ ಕಡಿಮೆ.

ಉಳಿದಿರುವ ಪ್ರಶ್ನೆ: ಸಾಫ್ಟ್ ಇದ್ದ ಕಾಲದ ಚೆಕ್‌ಪಾಯಿಂಟ್‌ಗಳಲ್ಲಿ ಯಾವುದು ಕೆಟ್ಟಿದೆ ಎಂದು ತಿಳಿಯುವುದು ಹೇಗೆ? ಚೆಕ್‌ಸಮ್ ಇಟ್ಟಿಲ್ಲ. ವೇಗಕ್ಕೆ ಎನ್‌ಕನೆಕ್ಟ್ (ಒಂದು ಮೌಂಟ್‌ಗೆ ಹಲವು ಟಿಸಿಪಿ ಕನೆಕ್ಷನ್) ಹಾಕಿದರೆ ಇನ್ನೂ ಲಾಭ ಇದೆಯೇ?

---

ಬ್ಲಾಕ್‌ಲೇಯರ್:

ಎನ್‌ಕನೆಕ್ಟ್‌ನಿಂದ ನಿಮಗೆ ಲಾಭ ಇಲ್ಲ. ಒಂದು ಕ್ಲೈಂಟ್‌ನ ಒಂದೇ ಟಿಸಿಪಿ ಕನೆಕ್ಷನ್ ಅಡ್ಡಿಯಾದಾಗ ಅದು ಬೇಕು. ಹನ್ನೆರಡು ಕ್ಲೈಂಟ್ ಸೇರಿ ಡಿಸ್ಕ್ ತುಂಬಿಸುತ್ತಿರುವಾಗ ಅಡ್ಡಿ ಅಲ್ಲಿಲ್ಲ.

ಹಳೆಯ ಫೈಲ್‌ಗಳಿಗೆ ಒಂದು ದಾರಿ ಇದೆ. ಕೈಬಿಟ್ಟ ತುಂಡುಗಳ ಜಾಗಕ್ಕೆ ಸರ್ವರ್‌ನಲ್ಲಿ ಸಾಮಾನ್ಯವಾಗಿ ಬ್ಲಾಕ್ ಹಂಚಿಕೆಯೇ ಆಗಿರಲ್ಲ, ಅದು ಫೈಲಿನೊಳಗಿನ ತೂತು. ಸರ್ವರ್‌ನಲ್ಲೇ, ಕ್ಲೈಂಟ್‌ನಿಂದ ಅಲ್ಲ, ‘ಎಕ್ಸ್‌ಎಫ್‌ಎಸ್_ಬಿಮ್ಯಾಪ್ -ವಿ ಫೈಲ್’ ಕೊಡಿ. ಸಾಲುಗಳ ನಡುವೆ ‘ಹೋಲ್’ ಎಂದು ಬಂದರೆ ಆ ಚೆಕ್‌ಪಾಯಿಂಟ್ ನಂಬಬೇಡಿ. ಅಲ್ಲಿನ ಲೆಕ್ಕ 512 ಬೈಟಿನ ಬ್ಲಾಕ್‌ಗಳಲ್ಲಿ, 1 ಎಂಬಿ ತುಂಡು ಎಂದರೆ 2048. ತೂತಿನ ಉದ್ದ 2048 ಅಥವಾ ಅದರ ಮಡಿಗಳಲ್ಲಿ ಬರುತ್ತಿದ್ದರೆ ಕಾರಣದ ಬಗ್ಗೆ ಅನುಮಾನವೇ ಬೇಡ. ‘ಡಿಯು’ ಮತ್ತು ‘ಎಲ್‌ಎಸ್’ ಸೈಜ್ ಹೋಲಿಸುವ ಸುಲಭದ ದಾರಿ ಹಿಡಿಯಬೇಡಿ, ಎಕ್ಸ್‌ಎಫ್‌ಎಸ್ ಮುಂಗಡವಾಗಿ ಜಾಗ ಹಿಡಿಯುವುದರಿಂದ ಡಿಯು ಹೆಚ್ಚು ತೋರಿಸಿ ತೂತನ್ನು ಮುಚ್ಚಿಹಾಕಬಹುದು.

ಎರಡು ಎಚ್ಚರಿಕೆ. ನಿಮ್ಮ ಪ್ರೋಗ್ರಾಂ ತಾನೇ ಸೀಕ್ ಮಾಡಿ (ಫೈಲಿನೊಳಗೆ ಮುಂದಕ್ಕೆ ಜಿಗಿದು) ಜಾಗ ಬಿಟ್ಟು ಬರೆಯುವಂಥದ್ದಾದರೆ ಒಳ್ಳೆಯ ಫೈಲಿನಲ್ಲೂ ತೂತು ಇರುತ್ತೆ, ಹಾರ್ಡ್ ನೋಡ್‌ನ ಒಂದು ಫೈಲ್ ಪಕ್ಕದಲ್ಲಿಟ್ಟು ಹೋಲಿಸಿ. ಇನ್ನೊಂದು, ಹಳೆಯ ಫೈಲಿನ ಮೇಲೆಯೇ ತಿದ್ದಿ ಬರೆದಿದ್ದರೆ ಕೈಬಿಟ್ಟ ಜಾಗದಲ್ಲಿ ತೂತಿನ ಬದಲು ಹಿಂದಿನ ಗಂಟೆಯ ಡೇಟಾ ಇರುತ್ತೆ, ಅದನ್ನು ಬಿಮ್ಯಾಪ್ ಹಿಡಿಯಲ್ಲ. ಅಂಥ ಫೈಲ್‌ಗಳಿದ್ದರೆ ಆ ಎರಡು ನೋಡ್‌ನವನ್ನು ಪೂರ್ತಿ ಬಿಟ್ಟು, ಸಾಫ್ಟ್ ಶುರುವಾಗುವ ಮುಂಚಿನ ಚೆಕ್‌ಪಾಯಿಂಟ್‌ನಿಂದ ಮತ್ತೆ ಓಡಿಸಿ.